ಮಾತಾಡಿದವರು ಯಾರು? (ಗಣಕಯಂತ್ರ ಏಳದಿದ್ದಾಗ ನಡೆಸುವ ವಿಚಾರಣೆ)



ನಮ್ಮ ಸಂಘದ ಕೋಣೆಯಲ್ಲಿ ಕಿಟಕಿಯ ಪಕ್ಕ ಕೂತಿರುವ ಹಳೆಯ ಗಣಕಯಂತ್ರ ನಿಮಗೆಲ್ಲ ಗೊತ್ತಿದ್ದದ್ದೇ. ಈ ಪತ್ರಿಕೆಗೆ ನೀವು ಬರೆದುಕೊಟ್ಟ ಕತೆ, ಕವಿತೆಗಳೆಲ್ಲ ಮೊದಲು ಅದರ ಹೊಟ್ಟೆ ಸೇರಿ ಆಮೇಲೆ ಸ್ಟೆನ್ಸಿಲ್ ಕಾಣುತ್ತವೆ. ಅದರೊಳಗೆ ಇನ್ನೊಂದು ಆಸ್ತಿಯೂ ಇದೆ. ಕಳೆದ ಎರಡು ವರ್ಷಗಳಿಂದ ನಮ್ಮವರು ಮುಂಬಯಿಯ ಹಿರಿಯ ಕನ್ನಡಿಗರ ಮನೆಗಳಿಗೆ ಹೋಗಿ ಅವರ ಮಾತುಗಳನ್ನು ಧ್ವನಿಮುದ್ರಿಸಿ ತಂದಿದ್ದಾರೆ. ಹಗಲು ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದು, ರಾತ್ರಿ ಕನ್ನಡ ಶಾಲೆಯ ಬೆಂಚಿನ ಮೇಲೆ ಕೂತು ಕಲಿತವರ ಮಾತು ಅದು. ಒಟ್ಟು ಹನ್ನೊಂದು ಜನ. ಅವರಲ್ಲಿ ಇಬ್ಬರು ಈಗ ಇಲ್ಲ.

ಬೇಸಿಗೆ ರಜೆ ಮುಗಿದು ಜೂನ್‌ನಲ್ಲಿ ಕೋಣೆ ತೆರೆದಾಗ ಯಂತ್ರವನ್ನು ಮೊದಲು ಶುರುಮಾಡಿದವನು ನಾನು. ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು ಬಂತು. ಕೊನೆಗೆ, ಮುಂದುವರಿಯಲು ಎಫ್1 ಒತ್ತಿ ಎಂದಿತ್ತು. ಒತ್ತಿದೆ. ವಿಂಡೋಸ್‌ನ ಚಿಹ್ನೆ ಬಂತು, ಕ್ಷಣಮಾತ್ರ ನೀಲಿ ಪರದೆ ಮಿಂಚಿತು, ಯಂತ್ರ ತಾನಾಗಿಯೇ ಮತ್ತೆ ಮೊದಲಿನಿಂದ ಶುರುವಾಯಿತು. ಹತ್ತು ಸಲ ಮಾಡಿದರೂ ಅದೇ ಕತೆ. "ಎಂತ ಮಾಡಿದೆ ಮಾರಾಯ?" ಎಂದರು ಕಾರ್ಯದರ್ಶಿ ಅಕ್ಕ. ನಾನೇನು ಮಾಡಿದ್ದೆ? ಏನೂ ಮಾಡಿಲ್ಲ ಎಂದೆ. ರಿಪೇರಿಯವರನ್ನು ಕರೆಸಿದೆವು. ಅವರು ಎರಡು ನಿಮಿಷ ನೋಡಿ, ವಿಂಡೋಸ್ ಹಾಳಾಗಿದೆ, ಫಾರ್ಮ್ಯಾಟ್ ಮಾಡಬೇಕು, ಒಳಗಿದ್ದದ್ದು ಉಳಿಯುವುದಿಲ್ಲ ಎಂದು ಹಿಂದಿಯಲ್ಲಿ ಹೇಳಿ, ನಾಳೆ ಬರುತ್ತೇನೆ ಎಂದು ಹೋದರು.

ನಾನು ಕಾಮರ್ಸ್ ವಿದ್ಯಾರ್ಥಿ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ಲೆಜರನ್ನು ಸುಟ್ಟು ಹೊಸದು ಬರೆಯಿರಿ ಎಂದು ನಮಗೆ ಯಾವ ಮೇಷ್ಟ್ರೂ ಕಲಿಸಿಲ್ಲ. ಯಾವ ಪುಟದ ತನಕ ಲೆಕ್ಕ ಸರಿಯಿದೆ, ಎಲ್ಲಿಂದ ತಪ್ಪಿದೆ ಎಂದು ಹುಡುಕಬೇಕು. ಆ ರಾತ್ರಿ ನಾನು ಮಾಡಿದ್ದು ಅಷ್ಟೇ. ಅದನ್ನು ಪಾಠದ ರೂಪದಲ್ಲಿ ಇಲ್ಲಿ ಬರೆಯುತ್ತಿದ್ದೇನೆ; ನಾಳೆ ನಿಮ್ಮ ಮನೆಯ ಯಂತ್ರಕ್ಕೂ ಉಪಯೋಗವಾದೀತು.

೧. ಎಚ್ಚರವಾಗುವ ಕ್ರಮ

ಗುಂಡಿ ಒತ್ತಿದ ಕೂಡಲೆ ವಿಂಡೋಸ್ ಆಗಲಿ ಲಿನಕ್ಸ್ ಆಗಲಿ ಏಳುವುದಿಲ್ಲ. ಮೊದಲು ಏಳುವುದು ಫರ್ಮ್‌ವೇರ್. ಇದು ಡಿಸ್ಕಿನಲ್ಲಿ ಇರುವುದಲ್ಲ; ಮದರ್‌ಬೋರ್ಡಿನ ಮೇಲಿನ ಒಂದು ಸಣ್ಣ ಚಿಪ್ಪಿನಲ್ಲಿ ಬರೆದಿಟ್ಟ ಕ್ರಮವಿಧಿ. ಹಳೆಯ ಯಂತ್ರಗಳಲ್ಲಿ ಇದಕ್ಕೆ ಬಯಾಸ್ ಎಂದು ಹೆಸರು. 1981ರಲ್ಲಿ ಐಬಿಎಂ ಕಂಪನಿಯ ಪಿಸಿ ಬಂದಾಗಿನಿಂದ ಈ ಹೆಸರು ಮನೆಮಾತಾಯಿತು. ಅದರ ಮೊದಲ ಕೆಲಸ ಮೆಮೊರಿ, ಕೀಲಿಮಣೆ, ಡಿಸ್ಕು ಎಲ್ಲ ಹಾಜರಿದ್ದಾರೆಯೇ ಎಂದು ಹಾಜರಿ ಕರೆಯುವುದು. ಪರದೆಯೇ ಏಳದಿದ್ದರೆ ಬೀಪ್ ಬೀಪ್ ಎಂದು ಕೂಗಿ ಹೇಳುತ್ತದೆ.

ಹಾಜರಿ ಮುಗಿದ ಮೇಲೆ ಬಯಾಸ್ ಡಿಸ್ಕಿನ ಮೊದಲ ತುಣುಕನ್ನು, ಅಂದರೆ ಬರೀ 512 ಬೈಟುಗಳನ್ನು, ಓದಿ ಮೆಮೊರಿಯಲ್ಲಿ 7ಸಿ00 ಎಂಬ ವಿಳಾಸದಲ್ಲಿ ಇಡುತ್ತದೆ. ಈ 512ರ ಲೆಕ್ಕ ಹೀಗೆ: ಕ್ರಮವಿಧಿಗೆ 446, ಡಿಸ್ಕಿನ ಪಾಲುಗಳ ಪಟ್ಟಿಗೆ 64 (ನಾಲ್ಕು ಪಾಲು, ಒಂದೊಂದಕ್ಕೆ 16), ಕೊನೆಯ 2 ಬೈಟು ಸಹಿಗೆ. ಸಹಿ ಎಂದರೆ 55 ಮತ್ತು ಎಎ ಎಂಬ ಎರಡು ಸಂಖ್ಯೆಗಳು. ಕೂಡಿ ನೋಡಿ, ತಾಳೆಯಾಗುತ್ತದೆ. ಸಹಿ ಸರಿಯಿದ್ದರೆ ಬಯಾಸ್ ಅಧಿಕಾರವನ್ನು ಆ ಕ್ರಮವಿಧಿಗೆ ಒಪ್ಪಿಸಿ ಹಿಂದೆ ಸರಿಯುತ್ತದೆ. ಮುಂದೆ ಬರುವವರು ವಿಂಡೋಸೋ ಲಿನಕ್ಸೋ ಬಯಾಸಿಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. 446 ಬೈಟಿನ ಕ್ರಮವಿಧಿ ತನಗಿಂತ ದೊಡ್ಡವನನ್ನು ಕರೆಯುತ್ತದೆ, ಆ ದೊಡ್ಡವನು ಬೂಟ್ ಲೋಡರನ್ನು ಕರೆಯುತ್ತಾನೆ, ಬೂಟ್ ಲೋಡರ್ ಕರ್ನೆಲನ್ನು. ಹೀಗೆ ಕೈಯಿಂದ ಕೈಗೆ ದೀಪ ದಾಟಿಸಿದ ಹಾಗೆ ಕೆಲಸ ನಡೆಯುತ್ತದೆ.

೨. ಐದು ಜನ, ಐದು ಧ್ವನಿ

ಈಗ ಮುಖ್ಯ ಮಾತು. ಪರದೆಯ ಮೇಲೆ ದೋಷದ ಸಂದೇಶ ಬಂದಾಗ ನಾವೆಲ್ಲ "ಕಂಪ್ಯೂಟರ್ ಏನೋ ಹೇಳ್ತಾ ಇದೆ" ಅಂತೀವಿ. ಕಂಪ್ಯೂಟರ್ ಎಂಬ ಒಬ್ಬನಿಲ್ಲ. ಚಾಳಿನಲ್ಲಿ ಗೋಡೆಯಾಚೆ ಮಾತು ಕೇಳಿದರೆ ಇದು ಅಜ್ಜಿಯೋ ಸೊಸೆಯೋ ಎಂದು ದನಿಯಿಂದಲೇ ತಿಳಿಯುವುದಿಲ್ಲವೇ? ಇಲ್ಲಿಯೂ ಹಾಗೆಯೇ ತಿಳಿಯಬೇಕು. ಮಾತಾಡಿದವರು ಯಾರು ಎಂದು ತಿಳಿದರೆ, ಅವರ ತನಕ ದೀಪ ಬಂದು ಮುಟ್ಟಿದೆ ಎಂದು ಖಾತ್ರಿ. ಅವರಿಗಿಂತ ಹಿಂದಿನವರು ತಂತಮ್ಮ ಪಾಳಿ ಮುಗಿಸಿದ್ದಾರೆ ಎಂದಾಯಿತು.

ಒಂದನೆಯವರು ಫರ್ಮ್‌ವೇರ್. "ನೋ ಬೂಟಬಲ್ ಡಿವೈಸ್", "ರೀಬೂಟ್ ಆಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್" ಎನ್ನುವುದು ಇವರ ಮಾತು. ಅರ್ಥ: ದೀಪ ದಾಟಿಸೋಣವೆಂದರೆ ಆಚೆ ಕೈಯೇ ಕಾಣುತ್ತಿಲ್ಲ. ಡಿಸ್ಕಿನ ತಂತಿ ಸಡಿಲವೇ, ಯಾವುದರಿಂದ ಏಳಬೇಕೆಂಬ ಸರದಿ ಬದಲಾಗಿದೆಯೇ, ಖಾಲಿ ಪೆನ್ ಡ್ರೈವ್ ಚುಚ್ಚಿ ಮರೆತಿದ್ದೀರಾ, ಮೊದಲು ಇದನ್ನು ನೋಡಿ.

ಎರಡನೆಯವರು 446 ಬೈಟಿನ ಪುಟ್ಟ ಕ್ರಮವಿಧಿ. ಮೈಕ್ರೊಸಾಫ್ಟಿನದಾದರೆ ಅದಕ್ಕೆ ಬರುವುದು ಮೂರೇ ವಾಕ್ಯ: "ಇನ್ವ್ಯಾಲಿಡ್ ಪಾರ್ಟಿಶನ್ ಟೇಬಲ್", "ಎರರ್ ಲೋಡಿಂಗ್ ಆಪರೇಟಿಂಗ್ ಸಿಸ್ಟಮ್", "ಮಿಸ್ಸಿಂಗ್ ಆಪರೇಟಿಂಗ್ ಸಿಸ್ಟಮ್". ಅಷ್ಟು ಸಣ್ಣ ಜಾಗದಲ್ಲಿ ಹೆಚ್ಚು ಮಾತು ಹಿಡಿಸುವುದಿಲ್ಲ.

ಮೂರನೆಯವರು ಆ ಪಾಲಿನ ಸ್ವಂತ ಬೂಟ್ ತುಣುಕು. "ಎನ್‌ಟಿಎಲ್‌ಡಿಆರ್ ಈಸ್ ಮಿಸ್ಸಿಂಗ್" ಎಂದರೆ ಎಕ್ಸ್‌ಪಿ ಕಾಲದ ವಿಂಡೋಸ್. "ಬೂಟ್‌ಎಂಜಿಆರ್ ಈಸ್ ಮಿಸ್ಸಿಂಗ್" ಎಂದರೆ ವಿಸ್ಟಾ ಮತ್ತು ಆಮೇಲಿನದು. ಡಿಸ್ಕು ಬದುಕಿದೆ, ಪಾಲು ಸಿಕ್ಕಿದೆ, ಕರೆಯಬೇಕಾದ ಕಡತ ಮಾತ್ರ ಇದ್ದಲ್ಲಿ ಇಲ್ಲ.

ನಾಲ್ಕನೆಯವರು ಬೂಟ್ ಲೋಡರ್. ಲಿನಕ್ಸಿನಲ್ಲಿ ಇದರ ಹೆಸರು ಗ್ರಬ್. "ನೋ ಸಚ್ ಪಾರ್ಟಿಶನ್" ಎಂದು ಹೇಳಿ "ಗ್ರಬ್ ರೆಸ್ಕ್ಯೂ" ಎಂಬಲ್ಲಿ ನಿಂತರೆ, ಗ್ರಬ್ಬಿನ ಅರ್ಧ ದೇಹ ಎದ್ದಿದೆ, ಉಳಿದರ್ಧ ಇದ್ದ ಪಾಲು ಸಿಗುತ್ತಿಲ್ಲ ಎಂದರ್ಥ. ಲಿನಕ್ಸ್ ಇದ್ದ ಪಾಲನ್ನು ಜಾಗ ಸಾಲದೆಂದು ವಿಂಡೋಸಿನೊಳಗಿಂದ ಅಳಿಸಿದವರಿಗೆ ಸಾಮಾನ್ಯವಾಗಿ ಆಗುವ ಗತಿ ಇದು.

ಐದನೆಯವರು ಕರ್ನೆಲ್. ಲಿನಕ್ಸ್ "ಕರ್ನೆಲ್ ಪ್ಯಾನಿಕ್" ಎಂದು ಹೇಳಿ ರೂಟ್ ಕಡತವ್ಯವಸ್ಥೆ ಸಿಗಲಿಲ್ಲ ಎನ್ನುತ್ತದೆ. ವಿಂಡೋಸ್ ನೀಲಿ ಪರದೆ ತೋರಿಸಿ ಒಂದು ಸಂಖ್ಯೆ ಕೊಡುತ್ತದೆ. ಇಲ್ಲಿಗೆ ಬಂದಿದ್ದರೆ ಮೊದಲಿನ ನಾಲ್ವರೂ ಕೆಲಸ ಮಾಡಿದ್ದಾರೆ.

೩. ನಮ್ಮ ಯಂತ್ರದ ವಿಚಾರಣೆ

ನಮ್ಮ ಯಂತ್ರದಲ್ಲಿ ಇರುವುದು ವಿಂಡೋಸ್ 7. ಅದಕ್ಕೆ ಮೈಕ್ರೊಸಾಫ್ಟಿನ ಬೆಂಬಲ 2020ರ ಜನವರಿಯಲ್ಲೇ ನಿಂತಿದೆ; ಆದುದರಿಂದ ನಾವು ಅದಕ್ಕೆ ಅಂತರಜಾಲ ಜೋಡಿಸಿಲ್ಲ. ಮಿಂಚಿ ಮಾಯವಾಗುವ ನೀಲಿ ಪರದೆಯನ್ನು ಹಿಡಿದು ನಿಲ್ಲಿಸುವುದು ಮೊದಲ ಕೆಲಸ. ಏಳುವಾಗ ಎಫ್8 ಒತ್ತಿದರೆ ಬರುವ ಪಟ್ಟಿಯಲ್ಲಿ, ದೋಷ ಬಂದಾಗ ತಾನಾಗಿ ಮರುಶುರುವಾಗಬೇಡ ಎಂಬ ಆಯ್ಕೆ ಇದೆ. ಅದನ್ನು ಆರಿಸಿದೆ. ಪರದೆ ನಿಂತಿತು. ಸಂಖ್ಯೆ 7ಬಿ. ಅದರ ಹೆಸರು "ಇನ್ಯಾಕ್ಸೆಸಿಬಲ್ ಬೂಟ್ ಡಿವೈಸ್".

ಮಾತಾಡಿದವರು ಯಾರು? ಐದನೆಯವರು, ವಿಂಡೋಸಿನ ಕರ್ನೆಲ್. ಏನೆಂದರು? ನಾನು ಎದ್ದು ಬಂದ ಡಿಸ್ಕೇ ನನಗೆ ಕಾಣುತ್ತಿಲ್ಲ ಎಂದು. ವಿಚಿತ್ರ ನೋಡಿ: ಆ ಡಿಸ್ಕಿನಿಂದಲೇ ಅದನ್ನು ಓದಿ ತಂದದ್ದು! ಬೂಟ್ ಲೋಡರ್ ಡಿಸ್ಕನ್ನು ಓದುವುದು ಬಯಾಸಿನ ಸಹಾಯದಿಂದ. ಕರ್ನೆಲ್ ಎದ್ದ ಮೇಲೆ ಬಯಾಸಿನ ಕೈಬಿಟ್ಟು ತನ್ನ ಸ್ವಂತ ಡ್ರೈವರಿನಿಂದ ಓದಬೇಕು. ಕೈ ಬದಲಾಗುವ ಆ ಗಳಿಗೆಯಲ್ಲೇ ಎಡವಿದೆ. 7ಬಿ ಬರಲು ಡಿಸ್ಕು ಸಾಯುತ್ತಿರುವುದೂ ಕಾರಣವಾಗಬಹುದು, ಡ್ರೈವರ್ ಕೆಟ್ಟದ್ದೂ ಆಗಬಹುದು. ಯಾವುದು ಎಂದು ಬೇರ್ಪಡಿಸಲು ಇನ್ನೊಬ್ಬ ಸಾಕ್ಷಿ ಬೇಕು.

ಆ ಸಾಕ್ಷಿ ಪೆನ್ ಡ್ರೈವಿನ ಲಿನಕ್ಸ್. ಡಿಸ್ಕಿಗೆ ಏನೂ ಬರೆಯದೆ ಪೆನ್ ಡ್ರೈವಿನಿಂದಲೇ ಎದ್ದು ಓಡುವ ಲಿನಕ್ಸ್ ಅದು. ಅದರಿಂದ ಎಬ್ಬಿಸಿದೆ. ಎದ್ದಿತು. ಡಿಸ್ಕನ್ನು ಓದಲು ಮಾತ್ರ ಎಂದು ತೆರೆದೆ. ಧ್ವನಿಮುದ್ರಣದ ಹನ್ನೊಂದೂ ಕಡತಗಳು ಹಾಗೆಯೇ ಇದ್ದವು. ಬೇರೆ ಏನೂ ಮಾಡುವ ಮೊದಲು ಅವನ್ನು ಇನ್ನೊಂದು ಡಿಸ್ಕಿಗೆ ನಕಲು ಮಾಡಿದೆ. ಆ ನಕಲು ಮುಗಿಯುವ ತನಕ ಕಾರ್ಯದರ್ಶಿ ಅಕ್ಕ ಊಟಕ್ಕೆ ಏಳಲಿಲ್ಲ.

ಆಗ ಪರದೆಯ ಮೂಲೆಯಲ್ಲಿದ್ದ ಗಡಿಯಾರದ ಮೇಲೆ ಅವರ ಕಣ್ಣು ಬಿತ್ತು. "ಇದೆಂತ, 2009 ಅಂತ ತೋರಿಸ್ತದೆ?" ಹೌದು, 2009ರ ಜನವರಿ 1. ನನಗೆ ಬೆನ್ನಲ್ಲಿ ಚಳಿ ಬಂದ ಹಾಗಾಯಿತು. ಯಂತ್ರ ಆರಿಸಿದಾಗಲೂ ಗಡಿಯಾರ ನಡೆಯುವುದು ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಸೆಲ್ಲಿನಿಂದ. ಅದರ ನಂಬರು ಸಿಆರ್2032. ನಮ್ಮಂಥ ಹಳೆಯ ಬೋರ್ಡುಗಳಲ್ಲಿ ಬಯಾಸಿನ ಸೆಟ್ಟಿಂಗುಗಳೆಲ್ಲ ಅದೇ ಸೆಲ್ಲನ್ನು ನಂಬಿಕೊಂಡ ಸಣ್ಣ ಸಿಮಾಸ್ ಮೆಮೊರಿಯಲ್ಲಿ ಇರುತ್ತವೆ. ಪ್ಲಗ್ಗಿನಲ್ಲಿ ಕರೆಂಟು ಇರುವ ತನಕ ಸೆಲ್ಲು ಸತ್ತದ್ದು ಗೊತ್ತಾಗುವುದಿಲ್ಲ. ರಜೆಗೆ ಹೋಗುವಾಗ ನಾವು ಪ್ಲಗ್ಗು ಕಿತ್ತು ಹೋಗಿದ್ದೆವು. ಗಡಿಯಾರವೂ ಹೋಯ್ತು, ಸೆಟ್ಟಿಂಗೂ ಹೋಯ್ತು.

ಆ ಸೆಟ್ಟಿಂಗುಗಳಲ್ಲಿ ಒಂದು, ಡಿಸ್ಕಿನೊಂದಿಗೆ ಯಾವ ರೀತಿ ಮಾತಾಡಬೇಕು ಎಂಬುದು: ಹಳೆಯ ಐಡಿಇ ರೀತಿಯೋ, ಹೊಸ ಎಎಚ್‌ಸಿಐ ರೀತಿಯೋ. ಲಿನಕ್ಸಿನಲ್ಲಿ ಯಂತ್ರಭಾಗಗಳ ಪಟ್ಟಿ ತೆಗೆದಾಗ ಐಡಿಇ ಎಂದೇ ಕಂಡಿತು. ವಿಂಡೋಸ್ 7ನ್ನು ಎಎಚ್‌ಸಿಐ ರೀತಿಯಲ್ಲಿ ಸ್ಥಾಪಿಸಿದ್ದರೆ, ಏಳುವಾಗ ಬೇಕಾದ ಆ ಒಂದು ಡ್ರೈವರನ್ನು ಇಟ್ಟುಕೊಂಡು ಇನ್ನೊಂದನ್ನು ಮಲಗಿಸಿಬಿಡುತ್ತದೆ. ರೀತಿ ಬದಲಾದರೆ ಅದಕ್ಕೆ ದಿಕ್ಕು ತೋಚದು. ಪೆನ್ ಡ್ರೈವಿನ ಲಿನಕ್ಸ್ ಯಾವ ಯಂತ್ರಕ್ಕಾದರೂ ಹೋಗಬೇಕಾದ್ದರಿಂದ ಎರಡೂ ಡ್ರೈವರುಗಳನ್ನು ಜೊತೆಗೆ ತಂದು, ಎದುರಿಗೆ ಕಂಡದ್ದಕ್ಕೆ ತಕ್ಕದ್ದನ್ನು ಎಬ್ಬಿಸುತ್ತದೆ. ಒಂದೇ ಯಂತ್ರದಲ್ಲಿ ಒಂದು ವ್ಯವಸ್ಥೆ ಬಿದ್ದು ಇನ್ನೊಂದು ಎದ್ದದ್ದಕ್ಕೆ ಕಾರಣ ಇದು.

ಊಹೆಯನ್ನು ಪರೀಕ್ಷಿಸಬೇಕಲ್ಲ? ಯಂತ್ರ ಆರಿಸಿ, ಪ್ಲಗ್ಗು ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಚ್ಚಿದೆ. ಆ ಎರಡು ಸಾಲು ಮತ್ತೆ ಬಂದವು. ಈ ಸಲ ಓದಿದೆ: "ಸಿಮಾಸ್ ಚೆಕ್‌ಸಮ್ ಎರರ್, ಡಿಫಾಲ್ಟ್ಸ್ ಲೋಡೆಡ್". ಅಂದರೆ, ನನ್ನ ನೆನಪು ಅಳಿದಿದೆ, ಕಾರ್ಖಾನೆಯ ಸೆಟ್ಟಿಂಗು ಹಾಕಿಕೊಂಡಿದ್ದೇನೆ. ಜೂನ್‌ನ ಮೊದಲ ದಿನವೇ ಮೊದಲನೆಯವರು ಎದ್ದುನಿಂತು ಕಾರಣವನ್ನು ಬಾಯಿಬಿಟ್ಟು ಹೇಳಿದ್ದರು. ನಾನು ಓದದೆ ಎಫ್1 ಒತ್ತಿ ಅವರ ಬಾಯಿ ಮುಚ್ಚಿಸಿದೆ. ಪ್ಲಗ್ಗು ಕೀಳದೆ ಇದ್ದುದರಿಂದ ಆಮೇಲೆ ಆ ಮಾತು ಮತ್ತೆ ಬರಲೇ ಇಲ್ಲ. ರಿಪೇರಿಯವರು ನೋಡಿದ್ದು ಬರೀ ನೀಲಿ ಪರದೆ. ಮೊದಲ ಸಾಕ್ಷಿ ಕೇಳಿದವನು ನಾನೊಬ್ಬನೇ, ನಾನು "ಏನೂ ಮಾಡಿಲ್ಲ" ಎಂದಿದ್ದೆ. ಇದನ್ನು ಇಲ್ಲಿ ಬರೆಯದೆ ಇದ್ದರೆ ಪಾಠ ಅರ್ಧವಾಗುತ್ತದೆ.

ಸೆಟ್ಟಿಂಗಿನಲ್ಲಿ ಐಡಿಇ ತೆಗೆದು ಎಎಚ್‌ಸಿಐ ಮಾಡಿದೆ. ಬೇರೆ ಒಂದನ್ನೂ ಮುಟ್ಟಲಿಲ್ಲ. ವಿಂಡೋಸ್ ಎದ್ದು ಬಂತು. ಮರುದಿನ ಸೆಲ್ಲು ಬದಲಾಯಿಸಿದೆವು. ಖರ್ಚು ಮೂವತ್ತು ರೂಪಾಯಿ, ವೋಚರ್ ಫೈಲಿನಲ್ಲಿದೆ.

೪. ತಪ್ಪು ಫರ್ಮ್‌ವೇರಿನದೇ ಆದಾಗ

ನಮ್ಮಲ್ಲಿ ಫರ್ಮ್‌ವೇರ್ ನಿರಪರಾಧಿ. ಎಲ್ಲ ಕಡೆಯೂ ಹಾಗಲ್ಲ. ಹೊಸ ಯಂತ್ರಗಳಲ್ಲಿ ಬಯಾಸಿನ ಜಾಗಕ್ಕೆ ಯುಇಎಫ್‌ಐ ಬಂದಿದೆ. ಇಂಟೆಲ್ ಕಂಪನಿ ತನ್ನ ಇಟಾನಿಯಮ್ ಯಂತ್ರಗಳಿಗಾಗಿ ಶುರುಮಾಡಿದ್ದನ್ನು 2005ರಿಂದ ಹಲವು ಕಂಪನಿಗಳ ಕೂಟವೊಂದು ನೋಡಿಕೊಳ್ಳುತ್ತಿದೆ. ಇದು 512 ಬೈಟು ಓದಿ ಕೈತೊಳೆದುಕೊಳ್ಳುವುದಿಲ್ಲ. ಡಿಸ್ಕಿನಲ್ಲಿ ಇದಕ್ಕೆಂದೇ ಒಂದು ಸಣ್ಣ ಪಾಲು ಇರುತ್ತದೆ. ಅದರಲ್ಲಿರುವ ಕಡತವನ್ನು ಹೆಸರು ಹಿಡಿದು ತೆರೆಯುತ್ತದೆ. ಯಾವ ಕಡತ, ಯಾವ ಸರದಿ ಎಂಬ ಪಟ್ಟಿ ಮದರ್‌ಬೋರ್ಡಿನ ಮೆಮೊರಿಯಲ್ಲಿ ಇರುತ್ತದೆ. ಪಟ್ಟಿಯ ಪ್ರತಿ ನಮೂದಿಗೂ "ವಿಂಡೋಸ್ ಬೂಟ್ ಮ್ಯಾನೇಜರ್", "ಫೆಡೋರಾ" ಎಂಬಂತೆ ಒಂದು ಹೆಸರು. ಈ ಹೆಸರು ಮನುಷ್ಯರು ಓದಲಿಕ್ಕೆ ಮಾತ್ರ.

2012ರಲ್ಲಿ ಲೆನೊವೊ ಕಂಪನಿಯ ಥಿಂಕ್‌ಸೆಂಟರ್ ಎಂ92ಪಿ ಎಂಬ ಯಂತ್ರದಲ್ಲಿ ಫೆಡೋರಾ ಲಿನಕ್ಸ್ ಸ್ಥಾಪನೆಯೇನೋ ಆಗುತ್ತಿತ್ತು, ಏಳುತ್ತಿರಲಿಲ್ಲ. ಮ್ಯಾಥ್ಯೂ ಗ್ಯಾರೆಟ್ ಎಂಬ ಲಿನಕ್ಸ್ ತಜ್ಞರು ಹುಡುಕುತ್ತ ಹುಡುಕುತ್ತ ಫರ್ಮ್‌ವೇರಿನ ಒಳಗೇ ಇಣುಕಿದರು. ಅಲ್ಲಿ ನಮೂದಿನ ಹೆಸರನ್ನು ಎರಡೇ ಹೆಸರುಗಳೊಂದಿಗೆ ಹೋಲಿಸುವ ಕ್ರಮವಿಧಿ ಇತ್ತು: ಒಂದು "ವಿಂಡೋಸ್ ಬೂಟ್ ಮ್ಯಾನೇಜರ್", ಇನ್ನೊಂದು "ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್". ಇವೆರಡಲ್ಲದಿದ್ದರೆ ಒಳಗೆ ಬಿಡುವುದಿಲ್ಲ! ಚೆಕ್ಕಿನ ಸಹಿ ನೋಡುವ ಬದಲು ಬ್ಯಾಂಕಿನವನು ಗಿರಾಕಿಯ ಹೆಸರು ತನಗೆ ಪರಿಚಿತವೇ ಎಂದು ನೋಡಿದ ಹಾಗಾಯಿತು. ಕಡತ ಸರಿ, ಡಿಸ್ಕು ಸರಿ, ತಪ್ಪು ಬಾಗಿಲು ಕಾಯುವವನದು. ಇಂಥದನ್ನು ಕಂಡುಹಿಡಿಯುವ ದಾರಿಯೂ ಹೋಲಿಕೆಯೇ: ಏಳುವ ವ್ಯವಸ್ಥೆಗೂ ಏಳದ ವ್ಯವಸ್ಥೆಗೂ ಇರುವ ವ್ಯತ್ಯಾಸಗಳನ್ನು ಬರೆದು ಒಂದೊಂದಾಗಿ ಕಡಿಮೆ ಮಾಡುತ್ತ ಬರಬೇಕು.

ಇನ್ನೊಂದು ತಮಾಷೆ ಇದೆ. ಬ್ಯಾಟರಿ, ಫ್ಯಾನು, ನಿದ್ದೆ-ಎಚ್ಚರ ಇವುಗಳ ವಿವರವನ್ನು ಫರ್ಮ್‌ವೇರ್ ಎಸಿಪಿಐ ಎಂಬ ಕೋಷ್ಟಕಗಳಲ್ಲಿ ಬರೆದು ಕೊಡುತ್ತದೆ. ಬಂದವರು ಯಾವ ವ್ಯವಸ್ಥೆ ಎಂದು ಕೇಳುವ ಸೌಲಭ್ಯವೂ ಅದರಲ್ಲಿದೆ. ಎಷ್ಟೋ ಕಂಪನಿಗಳು ವಿಂಡೋಸಿನಲ್ಲಿ ಮಾತ್ರ ಪರೀಕ್ಷಿಸಿ ಯಂತ್ರ ಮಾರುವುದರಿಂದ, ಈ ಪ್ರಶ್ನೆಗೆ ಲಿನಕ್ಸ್ ಕೂಡ ವಿಂಡೋಸಿನ ಹೆಸರಿಗೇ "ಹೌದು" ಎನ್ನುತ್ತದೆ. ಲಿನಕ್ಸಾ ಎಂದು ಕೇಳಿದರೆ "ಅಲ್ಲ" ಎನ್ನುತ್ತದೆ! ಪರೀಕ್ಷೆಯಾದ ದಾರಿಯಲ್ಲಿ ನಡೆಯುವುದೇ ಕ್ಷೇಮ ಎಂಬ ಲೆಕ್ಕ.

ಮಾತಾಡಿದವರೇ ತಪ್ಪಿತಸ್ಥರು ಎಂದೂ ತಿಳಿಯಬಾರದು. 2024ರ ಆಗಸ್ಟ್ 13ರಂದು ಬಂದ ವಿಂಡೋಸ್ ಪರಿಷ್ಕರಣೆಯ ನಂತರ, ಎರಡೂ ವ್ಯವಸ್ಥೆ ಇಟ್ಟುಕೊಂಡವರ ಎಷ್ಟೋ ಯಂತ್ರಗಳಲ್ಲಿ ಲಿನಕ್ಸ್ ಏಳಲಿಲ್ಲ. "ಸೆಕ್ಯೂರಿಟಿ ಪಾಲಿಸಿ ವಯೊಲೇಶನ್" ಎಂದದ್ದು ಶಿಮ್ ಎಂಬ, ಗ್ರಬ್ಬಿಗಿಂತ ಮೊದಲು ಏಳುವ ಸಣ್ಣ ಲೋಡರ್. ಹಳೆಯ ಅಪಾಯಕಾರಿ ಲೋಡರುಗಳನ್ನು ತಡೆಯುವ ಹೊಸ ನಿಯಮವನ್ನು ಆ ಪರಿಷ್ಕರಣೆ ಫರ್ಮ್‌ವೇರಿನ ಮೆಮೊರಿಯಲ್ಲಿ ಬರೆದಿತ್ತು. ಎರಡು ವ್ಯವಸ್ಥೆ ಇರುವ ಯಂತ್ರಗಳನ್ನು ಬಿಟ್ಟುಬಿಡಬೇಕೆಂದು ಮೈಕ್ರೊಸಾಫ್ಟಿನ ಉದ್ದೇಶವಿದ್ದರೂ ಎಲ್ಲವನ್ನೂ ಗುರುತಿಸಲು ಆಗಲಿಲ್ಲ. ಸೋತವನು ಲಿನಕ್ಸ್, ಮಾತಾಡಿದವನು ಶಿಮ್, ನಿಯಮ ಬರೆದವನು ವಿಂಡೋಸ್.

೫. ಎರಡು ವ್ಯವಸ್ಥೆ ಇಡುವವರಿಗೆ ಎರಡು ಸೂಚನೆ

ಎರಡನ್ನೂ ಒಂದೇ ಬಾಗಿಲಿನಿಂದ ಒಳಗೆ ತನ್ನಿ. ಒಂದನ್ನು ಹಳೆಯ ಬಯಾಸ್ ರೀತಿಯಲ್ಲೂ ಇನ್ನೊಂದನ್ನು ಯುಇಎಫ್‌ಐ ರೀತಿಯಲ್ಲೂ ಸ್ಥಾಪಿಸಿದರೆ ಒಬ್ಬರ ಲೋಡರು ಇನ್ನೊಬ್ಬರನ್ನು ಕರೆಯಲಾರದು. ಯಾವ ರೀತಿ ಎಂದು ತಿಳಿಯಲು ವಿಂಡೋಸಿನ ಸಿಸ್ಟಮ್ ಇನ್ಫರ್ಮೇಶನ್‌ನಲ್ಲಿ "ಬಯಾಸ್ ಮೋಡ್" ಎಂಬ ಸಾಲು ನೋಡಿ. ಲಿನಕ್ಸಿನಲ್ಲಾದರೆ "ಸಿಸ್" ಕೋಶದ "ಫರ್ಮ್‌ವೇರ್" ಒಳಗೆ "ಇಎಫ್‌ಐ" ಎಂಬ ಕೋಶ ಇದ್ದರೆ ಯುಇಎಫ್‌ಐ, ಇಲ್ಲದಿದ್ದರೆ ಹಳೆಯದು.

ಗಡಿಯಾರ ಐದೂವರೆ ಗಂಟೆ ತಪ್ಪಿದರೆ ಸೆಲ್ಲನ್ನು ಬೈಯಬೇಡಿ. ಮದರ್‌ಬೋರ್ಡಿನ ಗಡಿಯಾರದಲ್ಲಿ ಊರಿನ ಸಮಯ ಇದೆ ಎಂದು ವಿಂಡೋಸ್ ತಿಳಿಯುತ್ತದೆ. ಲಿನಕ್ಸ್ ಸಾಮಾನ್ಯವಾಗಿ ಜಾಗತಿಕ ಸಮಯ ಎಂದು ತಿಳಿಯುತ್ತದೆ. ಲಿನಕ್ಸ್ ಬರೆದಿಟ್ಟದ್ದನ್ನು ವಿಂಡೋಸ್ ಓದಿದರೆ ಬೆಳಿಗ್ಗೆ 10 ಗಂಟೆಯ ಬಿಲ್ಲಿನ ಮೇಲೆ 4:30 ಎಂದು ಬೀಳುತ್ತದೆ. ಇಬ್ಬರಲ್ಲಿ ಒಬ್ಬರಿಗೆ ಇನ್ನೊಬ್ಬರ ಪದ್ಧತಿ ಒಪ್ಪಿಸಿದರೆ ಮುಗಿಯಿತು.

೬. ಕೈಹಾಕುವ ಮುನ್ನ

ಒಂದು: ಸಂದೇಶವನ್ನು ಅಕ್ಷರಶಃ ಕಾಗದದ ಮೇಲೆ ಬರೆದುಕೊಳ್ಳಿ, ಅಥವಾ ಫೋಟೋ ತೆಗೆಯಿರಿ. ಆಮೇಲೆ ಬೇಕಾದರೆ ಎಫ್1 ಒತ್ತಿ. ಎರಡು: ಮಾತಾಡಿದವರು ಯಾರೆಂದು ನಿರ್ಧರಿಸಿ. ಮೂರು: ಪೆನ್ ಡ್ರೈವಿನ ಲಿನಕ್ಸಿನಿಂದ ಎದ್ದು ಬೇಕಾದ ಕಡತಗಳನ್ನು ಮೊದಲು ನಕಲು ಮಾಡಿ. ನಾಲ್ಕು: ಫರ್ಮ್‌ವೇರಿನ ಈಗಿನ ಸೆಟ್ಟಿಂಗುಗಳನ್ನು ಬರೆದಿಟ್ಟುಕೊಂಡು ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಗುಣ ಕಾಣದಿದ್ದರೆ ಮೊದಲಿನಂತೆ ಮಾಡಿ ಮುಂದಿನದಕ್ಕೆ ಹೋಗಿ. ಐದು: ವಿಂಡೋಸಿನ ಬಿಟ್‌ಲಾಕರ್ ಬೀಗ ಹಾಕಿದ್ದರೆ, ಫರ್ಮ್‌ವೇರ್ ಮುಟ್ಟುವ ಮೊದಲು ಅದರ 48 ಅಂಕಿಯ ಕೀಲಿಸಂಖ್ಯೆ ಕೈಯಲ್ಲಿರಲಿ. ಇಲ್ಲದಿದ್ದರೆ ನಿಮ್ಮ ಮನೆಗೆ ನೀವೇ ಹೊರಗಿನವರು.

ಆ ರಾತ್ರಿ ಎಲ್ಲ ಸರಿಹೋದ ಮೇಲೆ ಕಡತಗಳು ನಿಜವಾಗಿ ಉಳಿದಿವೆಯೇ ಎಂದು ಪರೀಕ್ಷಿಸಲು ಒಂದನ್ನು ಹಾಕಿ ಕೇಳಿದೆವು. ಈಗ ಇಲ್ಲದ ಇಬ್ಬರಲ್ಲಿ ಒಬ್ಬರದು. ಮೊದಲು ಕೆಮ್ಮಿದರು. ಆಮೇಲೆ, "ಇದರಲ್ಲಿ ಕೇಳ್ತದಾ ಮಗಾ?" ಎಂದು ಕೇಳಿದರು.

ಕೇಳ್ತದೆ ಅಜ್ಜ.